ತುಟಿ ಅಲುಗಿದ್ದನ್ನು ಹೇಳಿದವಳು ನಾನು

ನಮ್ಮ ಅತ್ತೆಯ ಎಡಗೆನ್ನೆಯ ಒಳಭಾಗದ ಗಡ್ಡೆ ತೆಗೆದು, ರೇಡಿಯೇಷನ್ನಿನ ಕರೆಂಟು ಕೊಡಿಸಿದ್ದೂ ಮುಗಿದು ಒಂದು ವರ್ಷವಾಗಿತ್ತು. ಮದುವೆಯಾಗಿ ಬಂದಾಗಿನಿಂದ ದಿನಕ್ಕೆರಡು ಸಲ ಮಿಶ್ರಿ, ಅಂದರೆ ಸುಟ್ಟ ಹೊಗೆಸೊಪ್ಪಿನ ಪುಡಿ, ಹಚ್ಚಿ ಹಲ್ಲು ತಿಕ್ಕಿದವರು. ಸಾಂಗಲಿಯ ಪೇಟೆಯಲ್ಲಿ ನಮ್ಮ ಅಂಗಡಿಯ ಮೇಲೇ ಮನೆ. ಅಲ್ಲಿ ಮಿಶ್ರಿ ಡಬ್ಬಿ ಇರುತ್ತಿದ್ದ ಗೂಡಿನಲ್ಲಿ ಈಗ ಬಾಯಿ ಮುಕ್ಕಳಿಸುವ ಔಷಧವಿತ್ತು. ಡಬ್ಬಿ ಕೂತ ಕಂದು ಗುರುತು ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

ರೋಗ ಮರಳಿ ಬಂದಿದೆಯೋ ನೋಡಲು ಮಿರಜಿನಲ್ಲಿ ಪೆಟ್ ಸ್ಕ್ಯಾನ್ ಮಾಡಿಸಬೇಕೆಂದರು ಡಾಕ್ಟರು. ಕೈಯ ನರಕ್ಕೆ ಸಕ್ಕರೆಯಂಥ ಔಷಧ ಚುಚ್ಚುತ್ತಾರೆ. ರೋಗವಿದ್ದ ಜಾಗ ಅದನ್ನು ಹೆಚ್ಚು ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ದುಡಿಯುವ ಸ್ನಾಯುವೂ ಹಾಗೇ ಹೀರಿಕೊಳ್ಳುತ್ತದಂತೆ. ಅದಕ್ಕೇ ಚುಚ್ಚಿದ ಮೇಲೆ ಒಂದು ತಾಸು ಮಾತು ಬೇಡ, ಅಗಿಯುವುದು ಬೇಡ.

"ಬೋಲಾಯಚ ನಾಹಿ ಹಂ, ಆಜಿ," ಎಂದು ಅಲ್ಲಿನ ಟೆಕ್ನಿಷಿಯನ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ಅತ್ತೆ ನನ್ನತ್ತ ತಿರುಗಿದರು. "ನೀ ಕಲಿತ ಕಾನ್ವೆಂಟಿನ ಸಿಸ್ಟರ್ ಇವಗೂ ಕಲಿಸ್ಯಾಳೇನ? ಬಾಯಿ ಮ್ಯಾಲೆ ಬಟ್ಟಿಟ್ಟ ಕುಂದ್ರ ಅಂತಾನ."

"ಒಂದ ತಾಸ ಸುಮ್ಮ ಕುಂದ್ರಿ ಅತ್ಯಾರ."

"ಐವತ್ತ ವರ್ಷ ನಿಮ್ಮ ಮಾವನ ಮುಂದ ಸುಮ್ಮ ಕುಂತೇನಿ. ಒಂದ ತಾಸ ಏನ ದೊಡ್ಡದ."

ಮಾತಾಡಲಿಲ್ಲ ನಿಜ. ಅವರನ್ನು ಕೂರಿಸಿದ ಕೋಣೆಯ ಬಾಗಿಲಿನ ಗಾಜಿನಿಂದ ನೋಡುತ್ತಿದ್ದೆ. ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು, ತುಟಿ ಸಣ್ಣಗೆ ಅಲುಗುತ್ತಿತ್ತು. ನಮಃ ಶಿವಾಯ. ಅವರ ಲೆಕ್ಕದಲ್ಲಿ ಜಪ ಮಾತಲ್ಲ. ಗಾಜು ತಟ್ಟಬೇಕೆಂದು ಕೈ ಎತ್ತಿದೆ, ದೇವರ ಹೆಸರು ಹೇಳುವವರನ್ನು ಹೇಗೆ ತಡೆಯಲಿ ಎಂದು ಇಳಿಸಿದೆ.

ಚಿತ್ರದಲ್ಲಿ ನಾಲಿಗೆಯ ಬುಡ ಹೊಳೆದಿತ್ತು. ಅಲ್ಲಿಯ ಮಾಂಸದ ಚೂರು ತೆಗೆದು ಪರೀಕ್ಷೆ ಮಾಡುವುದೇ ಒಳ್ಳೆಯದು ಎಂದ ಡಾಕ್ಟರು, ಆ ತಾಸಿನಲ್ಲಿ ಏನಾದರೂ ಮಾತಾಡಿದ್ದರೇ ಎಂದೂ ಕೇಳಿದರು. ನಾನು ಜಪದ ವಿಷಯ ಹೇಳಿದೆ.

"ಹಂಗಾದ್ರ ಅದ ಅದು! ಜಪದ್ದ!" ಎಂದು ನನ್ನ ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು.

ಇರಬಹುದು, ಖಚಿತವಿಲ್ಲ ಎಂದರು ಡಾಕ್ಟರು. ಕರೆಂಟು ತಿಂದ ಬಾಯಿಯಲ್ಲಿ ಗಾಯ ಬೇಗ ಮಾಯುವುದಿಲ್ಲವೆಂಬ ಹೆದರಿಕೆ ನಮಗಿತ್ತು. ಆರು ವಾರ ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿಸುತ್ತೇವೆ ಎಂದು ನಾವೇ ಕೇಳಿಕೊಂಡೆವು.

ಆ ವಾರಗಳಲ್ಲಿ ಮನೆ ಹಗುರಾಗಿತ್ತು. ಅತ್ತೆ ಪಕ್ಕದ ಮನೆಯ ಮಾವಶಿಗೆ ಹೇಳಿಕೊಳ್ಳುತ್ತಿದ್ದರು: "ಶಿವನ ಹೆಸರೂ ಫೋಟೋದಾಗ ಬೀಳ್ತೈತಿ, ನೋಡ್ರಿ!"

ಒಂದು ದಿನ ಊಟಕ್ಕೆ ಕೂತವರು ನುಂಗುವಾಗ ಎಡಗಿವಿಯನ್ನು ಅಂಗೈಯಿಂದ ಒತ್ತಿಕೊಂಡರು. ಮರುದಿನವೂ ಒತ್ತಿಕೊಂಡರು. ಕೇಳಿದರೆ, "ಗಾಳಿ ಹೊಕ್ಕೈತಿ," ಎಂದರು. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೂ ಅರ್ಧಕ್ಕೇ ಬಿಡತೊಡಗಿದರು. ನಾನು ಎಣ್ಣೆ ಬೆಚ್ಚಗೆ ಮಾಡಿ ಎರಡು ಹನಿ ಕಿವಿಗೆ ಬಿಟ್ಟೆ. ಯಜಮಾನರಿಗೆ ಹೇಳಲಿಲ್ಲ, ಡಾಕ್ಟರಿಗೆ ಫೋನ್ ಮಾಡಲಿಲ್ಲ. ಹೇಳಿದರೆ ಇವರ ಮುಖ ಮತ್ತೆ ಮೊದಲಿನಂತಾಗುತ್ತದಲ್ಲ ಎಂದುಕೊಂಡೆ.

ಎರಡನೆಯ ಸಲ ಅತ್ತೆ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟು ಕಲ್ಲಿನಂತೆ ಕೂತರು. ಹೊಳಪು ಅದೇ ಜಾಗದಲ್ಲಿ, ಇನ್ನೂ ದೊಡ್ಡದಾಗಿ ಬಂತು. ಕುತ್ತಿಗೆಯಲ್ಲೂ ಒಂದು ಕಾಣಿಸಿತು. ಚೂರು ತೆಗೆದರು. ಅದು ರೋಗವೇ ಆಗಿತ್ತು. ಈ ರೋಗದ ನೋವು ಕಿವಿಗೂ ಹಾಯುತ್ತದೆ, ಕಿವಿ ನೋಯುತ್ತಿತ್ತೇ ಎಂದು ಡಾಕ್ಟರು ಆಗ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಇಲ್ರಿ," ಎಂದರು.

ಹೊರಗೆ ಬಂದು ನಾವಿಬ್ಬರೇ ಬೆಂಚಿನ ಮೇಲೆ ಕೂತಾಗ ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಯಾಕ ಸುಳ್ಳ ಹೇಳಿದ್ರಿ ಅತ್ಯಾರ?"

"ನಿನ್ನ ಗಂಡಗ ಗೊತ್ತಾದ್ರ ಜಲ್ಮಪೂರ್ತಿ ನಿನ್ನ ಮಾರಿ ನೋಡಿ ಅದನ್ನ ನೆನಸ್ತಾನ. ಬಿಡ. ಜಪದ್ದಂತೂ ತಪ್ಪ ಇರ್ಲಿಲ್ಲಲ್ಲ."

ಮತ್ತೆ ಕೊಯ್ಯುವ ಸ್ಥಿತಿ ಇರಲಿಲ್ಲ. ಅವರು ಹೋಗಿ ಈಗ ಎಂಟು ತಿಂಗಳು. ಮೊದಲೇ ಚೂರು ತೆಗೆಸಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ; ಕೇಳುವ ಧೈರ್ಯವೂ ಆಗಿಲ್ಲ. ಮನೆಗೆ ಬಂದ ನೆಂಟರಿಗೆಲ್ಲ ಯಜಮಾನರು ಒಂದೇ ಮಾತು ಹೇಳುತ್ತಾರೆ: "ಹೊರಗ ಏನೂ ಕಾಣಲೇ ಇಲ್ರಿ. ಯಾರಿಗೂ ಗೊತ್ತಾಗಲಿಲ್ಲ."

ನಾನು ಚಹಾ ಇಡಲು ಒಳಗೆ ಹೋಗುತ್ತೇನೆ.