ಪೂಜೆಯಲ್ಲೇ ಉಳಿದ ಟೂಲ್ ಚೀಲ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿದೆ, ಅಂಗಳ ಗುಡಿಸಿದೆ, ಎರಡು ಬೆಡ್‌ಶೀಟು ಒಗೆದು ಹರವಿದೆ, ಬತ್ತಿ ಹೊಸೆದಿಟ್ಟೆ. ಆಮೇಲೆ ಅಟ್ಟಕ್ಕೆ ಏಣಿ ಹಾಕಿ, ತಳ ಸುಟ್ಟ ಹಳೇ ಕುಕ್ಕರಿನೊಳಗಿಂದ ಸೈಕಲ್ಲಿನ ಟೂಲ್ ಚೀಲ ಇಳಿಸಿದೆ. ನಂಜುಂಡ, ಅದನ್ನು ನೀನು ಕಳೆದಿರಲಿಲ್ಲ. ನಾನು ಬ್ಯಾಗಿಗೆ ಹಾಕಿರಲೇ ಇಲ್ಲ.

ಏಳು ವರ್ಷವಾಯಿತು. ನಮ್ಮ ಯಜಮಾನರೂ ಸೇರಿ ನೀವು ನಾಲ್ವರು ಸ್ನೇಹಿತರು ವಿಜಯದಶಮಿ ದಿನ ಚಂದಕವಾಡಿಯಿಂದ ಹೊರಟು ಮೂರು ದಿನ ಸೈಕಲ್ಲಿನಲ್ಲಿ ಸುತ್ತಿ ಬರುವುದೆಂದು ನಿಶ್ಚಯವಾಗಿತ್ತು. ಸಾಮಾನು ಕಟ್ಟುವ ಕೆಲಸ ನನ್ನದು, ಹೊತ್ತು ತರುವುದು ನಿನ್ನದು. ಎರಡು ಟ್ಯೂಬು, ಪ್ಯಾಚು, ಸಲ್ಯೂಷನ್ನು, ಸ್ಪ್ಯಾನರು, ಬ್ರೇಕ್ ವೈರು, ಸಣ್ಣ ಪಂಪು — ಪಟ್ಟಿ ಬರೆದು, ಒಂದೊಂದಕ್ಕೂ ಗುರುತು ಹಾಕಿ ಚೀಲಕ್ಕೆ ತುಂಬಿದ್ದೆ. ಹಿಂದಿನ ದಿನ ಆಯುಧಪೂಜೆ. ಚೀಲವನ್ನೂ ಕತ್ತಿ, ಕುಡುಗೋಲಿನ ಪಕ್ಕದಲ್ಲೇ ಇಟ್ಟೆ.

"ಸ್ಪ್ಯಾನರ್‌ಗೂ ಕುಂಕುಮ ಇಕ್ಕವ್ಳೆ ನೋಡ್ಲಾ ನಂಜುಂಡ, ಇನ್ನು ಸೈಕಲ್ ತಾನೇ ಓಡ್ತದೆ ಬುಡು," ಎಂದು ನಮ್ಮ ಯಜಮಾನರು ನಕ್ಕರು. ನೀನೂ ನಕ್ಕೆ.

ಪೂಜೆಗಿಟ್ಟದ್ದನ್ನು ಮಾರನೇ ದಿನ ಮಂಗಳಾರತಿ ಮಾಡಿ ಕದಲಿಸುವ ತನಕ ಮುಟ್ಟುವ ಹಾಗಿಲ್ಲ. ನೀವು ಹೊರಟದ್ದು ಬೆಳಗಿನ ಐದಕ್ಕೆ. ಕೈ ಚಾಚಿದೆ — ಆಗಲಿಲ್ಲ. ಹೇಳಿದರೆ ಮತ್ತೆ ನಗುತ್ತಾರೆ ಅನ್ನಿಸಿತು. ಬಟ್ಟೆ, ಬುತ್ತಿ ಇದ್ದ ದೊಡ್ಡ ಬ್ಯಾಗಿನ ಬಾಯಿ ಕಟ್ಟಿ ನಿನ್ನ ಕೈಗೆ ಕೊಟ್ಟು, "ಎಲ್ಲಾ ಐತೆ ಕಣಪ್ಪ," ಅಂದೆ. ಅದೊಂದು ಮಾತು.

ಗುಂಡ್ಲುಪೇಟೆಯಲ್ಲಿ ಹುಣಸೆ ಮರದ ಕೆಳಗೆ ನೀನೇ ಬ್ಯಾಗು ಬಿಚ್ಚಿ ಬುತ್ತಿ ಹಂಚಿದೆಯಂತೆ. ಭೀಮನಬೀಡು ದಾಟುವಾಗ ಇವರ ಸೈಕಲ್ಲಿನ ಟ್ಯೂಬು ವಾಲ್ವಿನ ಬುಡದಲ್ಲೇ ಹರಿಯಿತು. ಬ್ಯಾಗು ತಡಕಿದರೆ ಚೀಲವಿಲ್ಲ. ಊರಿನ ಪಂಚರ್ ಅಂಗಡಿಯವನೂ, "ಇನ್ನೂ ಕದಲ್ಸಿಲ್ಲ ಸ್ವಾಮಿ, ಮುಟ್ಟಕ್ಕಾಗಲ್ಲ," ಅಂದನಂತೆ. ಇವರು ಫೋನು ಮಾಡಿದರು.

"ಟೂಲ್ ಚೀಲ ಹಾಕಿದ್ದೆ ತಾನೆ?"

ದೇವರ ಮುಂದೆ ನಿಂತಿದ್ದೆ. ಚೀಲ ಕಣ್ಣೆದುರಿಗೇ ಇತ್ತು.

"ಹೂಂ. ಹಾಕಿದ್ದೆ."

"ತಿನ್ನದು ನೆಪ್ಪೈತೆ, ಚೀಲ ನೆಪ್ಪಿಲ್ವೇನ್ಲಾ?" ಎಂದು ಅವರು ನಿನ್ನನ್ನು ಬೈದದ್ದು ಫೋನಿನಲ್ಲಿ ನನಗೂ ಕೇಳಿಸಿತು. ಆಗಲೂ ಬಾಯಿ ಬಿಡಲಿಲ್ಲ. ನೀವೆಲ್ಲ ಗೂಡ್ಸ್ ಆಟೋದಲ್ಲಿ ಸೈಕಲ್ಲು ಹೇರಿಕೊಂಡು ವಾಪಸು ಬರುವಷ್ಟರಲ್ಲಿ ಮಂಗಳಾರತಿ ಮುಗಿದು ಚೀಲ ಅಟ್ಟ ಸೇರಿತ್ತು.

ಮಾರನೇ ದಿನ ನೀನೊಬ್ಬನೇ ಗುಂಡ್ಲುಪೇಟೆಗೆ ಹೋದೆ. ಮರದ ಬುಡ, ರಸ್ತೆಪಕ್ಕದ ಮೋರಿ, ಟೀ ಅಂಗಡಿ — ಎಲ್ಲಾ ಹುಡುಕಿ, ಮೊಣಕೈವರೆಗೆ ಕೆಸರು ಮೆತ್ತಿಕೊಂಡು ನಮ್ಮ ಬಾಗಿಲಿಗೆ ಬಂದೆ.

"ಅತ್ಗೆ, ವಸಿ ನೆಪ್ಪು ಮಾಡ್ಕೊಂಡು ಯೋಳಿ. ಹಾಕಿದ್ರಾ?"

"ಹಾಕಿದ್ದೆ ಕಣಪ್ಪ."

"ಅಂಗಾರೆ ನಾನೇ ಕಳ್ದಿರ್ಬೇಕು ಬುಡಿ. ನೀವು ಮರಿಯೋರಲ್ಲ."

ನಿಜ, ನಾನು ಮರೆತಿರಲಿಲ್ಲ. ನಿನ್ನ ನೆನಪಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದೆ ನೀನು, ನಾನು ಕೈ ತೊಳೆಯಲು ನೀರು ಕೊಟ್ಟೆ — ಅಷ್ಟೇ ಕೊಟ್ಟಿದ್ದು. ಮುಂದಿನ ವರ್ಷ ಬ್ಯಾಗನ್ನು ಬೇರೆಯವರಿಗೆ ಹೊರಿಸಿದರು. ಅದರ ಮುಂದಿನ ವರ್ಷ ನಿನ್ನನ್ನು ಕರೆಯಲೇ ಇಲ್ಲ. ಈಗ ನಮ್ಮ ಬೀದಿಯಲ್ಲಿ ಹೋದರೂ ನೀನು ಸೈಕಲ್ ಇಳಿಯುವುದಿಲ್ಲ.

ಪೂಜೆಯ ನೆಪ ಹೇಳಲಾರೆ. ಮಂಗಳಾರತಿ ಆದ ಮೇಲೂ ಏಳು ವರ್ಷ ಬಾಯಿ ಇತ್ತಲ್ಲ.

ಚೀಲವನ್ನು ಇವರ ಮುಂದಿಟ್ಟು ಎಲ್ಲಾ ಹೇಳಿದೆ. ಸ್ಪ್ಯಾನರು ಹೊರಗೆ ತೆಗೆದು ನೋಡಿ, "ಎಲ್ಲರ ಮುಂದೆ ಬೈದಿದ್ನಲ್ಲೇ ಅವ್ನ..." ಅಂದರು. ನಾಳೆ ಅವತ್ತು ಜೊತೆಗಿದ್ದ ಇನ್ನಿಬ್ಬರನ್ನೂ ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇವೆ; ಈಗ ಸಂಜೆ ಕೂತು ಬರೆಯುತ್ತಿರುವ ಈ ಕಾಗದವನ್ನು ಅವರೆದುರಿಗೇ ಓದಿ, ನಿನ್ನ ಕೈಗೆ ಕೊಡುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಇವರು ಅರ್ಧ ಮುದ್ದೆಗೇ ಎದ್ದರು. ನಾನು ಒಂದು ಪೂರ್ತಿ ತಿಂದೆ. ಚಾಪೆ ಹಾಸಿದ ಮೇಲೆ ಮೊದಲು ನಿದ್ದೆ ಹತ್ತಿದ್ದೂ ನನಗೇ.