ಸೊನ್ನೆಯಿಂದ ಎಣಿಸುವ ತಿಂಗಳು

ಅಣ್ಣ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ಅಗರಖೇಡದ ನಮ್ಮ ಮನೆಯಲ್ಲಿ ಸಮುದ್ರ ಕಂಡವನು ಅವನೊಬ್ಬನೇ. ಫೋನ್ ಮಾಡಿದಾಗೆಲ್ಲ ಮೊದಲು ಕೇಳುತ್ತಿದ್ದ: "ಊರಾಗ ಈಗ ಎಷ್ಟ ಗಂಟೆ ಆಗೇತಿ, ತಂಗಿ?" ಅವನ ಕೈಗಡಿಯಾರ ಊರಿನ ಹೊತ್ತನ್ನೇ ತೋರಿಸುತ್ತಿತ್ತು. ಆದರೂ ನನ್ನ ಬಾಯಿಂದ ಕೇಳಬೇಕು.

ಅವನು ಹಡಗಿನಲ್ಲೇ ಎದೆನೋವಿನಿಂದ ತೀರಿಕೊಂಡ. ಬಂದ ಕಾಗದದಲ್ಲಿ ಸೋಮವಾರ ಸಂಜೆ ಏಳು ಗಂಟೆ ಹತ್ತು ನಿಮಿಷ ಎಂದಿತ್ತು, ಪಕ್ಕದಲ್ಲಿ ಗ್ರೀನ್‌ವಿಚ್ ಸಮಯ ಎಂದು. ವರ್ಷ ತುಂಬಲು ಬಂದಾಗ ಅವ್ವ ಕೇಳಿದಳು, ನಮ್ಮ ಲೆಕ್ಕಕ್ಕೆ ಅದು ಯಾವ ದಿನ? ದಿನ ತಪ್ಪಿದರೆ ತಿಥಿ ತಪ್ಪುತ್ತದೆ, ಇಟ್ಟ ಎಡೆ ಅವನಿಗೆ ಮುಟ್ಟುವುದಿಲ್ಲ ಎಂಬ ಭಯ ಅವಳಿಗೆ.

ನಾನು ಸಿಂದಗಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಸಿ ಭಾಷೆ ಕಲಿಸುತ್ತೇನೆ. ಗ್ರೀನ್‌ವಿಚ್ ಸಮಯಕ್ಕೆ ಐದೂವರೆ ತಾಸು ಕೂಡಿಸಿದರೆ ನಮ್ಮ ಸಮಯ, ಅಲ್ಲಿಗೆ ಮುಗಿಯಿತು, ಬೆರಳಲ್ಲೇ ಆಗುವ ಲೆಕ್ಕ. ಬೆರಳು ಮಡಚಲು ಆಗಲಿಲ್ಲ. ಹುಡುಗಿಯರು ಊಟಕ್ಕೆ ಹೋದಾಗ ಚಿಕ್ಕದೊಂದು ಪ್ರೋಗ್ರಾಂ ಬರೆದು ಕಾಗದದಲ್ಲಿದ್ದುದನ್ನು ತುಂಬಿದೆ.

ತೆರೆಯ ಮೇಲೆ ಬಂದ ದಿನ ಒಂದು ತಿಂಗಳು ಮುಂದಿತ್ತು.

ತಪ್ಪು ಕೂಡಲೇ ತಿಳಿಯಿತು. ಸಿ ಭಾಷೆ ತಿಂಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಜನವರಿಯೆಂದರೆ ಸೊನ್ನೆ. ಒಂದು ಕಳೆಯಬೇಕು. ಇದನ್ನು ಮರೆತದ್ದಕ್ಕೇ ಹುಡುಗಿಯರನ್ನು ಎಷ್ಟೋ ಸಲ ಬೈದಿದ್ದೇನೆ. ಆದರೂ ತಿದ್ದದೆ ಕುಳಿತೆ. ತೆರೆಯ ಲೆಕ್ಕದಲ್ಲಿ ಅವನಿಗೆ ಇನ್ನೂ ಒಂದು ತಿಂಗಳು ಆಯುಷ್ಯವಿತ್ತು. ಆ ತಿಂಗಳಲ್ಲಿ ಅವನಿಗೆ ರಜೆ ಇತ್ತು. ಝಳಕಿಯಲ್ಲಿ ಬಸ್ಸಿಳಿದ. ಇದೇನು ಚಹಾವೋ ಪಾತ್ರೆ ತೊಳೆದ ನೀರೋ ಎಂದು ಅಂಗಡಿಯವನನ್ನು ಕೆಣಕಿದ. ಇನ್ನೊಂದು ಗಾಡಿ ಹತ್ತಿದ. ಕಿಟಕಿಯಾಚೆ ಜೋಳದ ಹೊಲ ಸರಿಯುತ್ತಲೇ ಇತ್ತು, ಊರು ಬರುತ್ತಿರಲಿಲ್ಲ.

ಬಾಗಿಲಲ್ಲಿ ಹುಡುಗಿಯರ ಚಪ್ಪಲಿ ಸದ್ದಾದಾಗ ಹೊಸ ಸಾಲು ಬರೆದು ಒಂದು ಕಳೆದೆ. ತಪ್ಪು ಸಾಲನ್ನು ಅಳಿಸಲಿಲ್ಲ. ಅದರ ಮುಂದೆ ಎರಡು ಓರೆ ಗೆರೆ ಹಾಕಿದೆ. ಹಾಗೆ ಮಾಡಿದರೆ ಸಾಲು ಅಲ್ಲೇ ಇರುತ್ತದೆ, ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರಿ ಉತ್ತರ ಬಂತು: ಮಂಗಳವಾರ, ನಡುರಾತ್ರಿ ದಾಟಿ ನಲವತ್ತು ನಿಮಿಷ.

ರವಿವಾರ ಇಂಡಿ ಬಸ್ಸು ಹಿಡಿದು ಊರಿಗೆ ಹೋಗಿ ಹೇಳಿದೆ. ಅವ್ವ ಬೇಳೆ ಹಸನು ಮಾಡುತ್ತಿದ್ದಳು.

"ಹೊತ್ತ ಮೂಡಿತ್ತೇನು?"

"ಇಲ್ಲವ್ವ."

"ಹಂಗಾರ ಸೋಮವಾರನ. ಹೊತ್ತ ಮೂಡಲಾರದ ದಿನಾ ಹೆಂಗ ಬದಲಾಕ್ಕೈತಿ? ನಿನ್ನ ಮಷಿನ್‌ಗೆ ಇಷ್ಟೂ ಗೊತ್ತಿಲ್ಲೇನು?"

ಆ ಸೋಮವಾರದ ತಿಥಿಯನ್ನೇ ಹಿಡಿದೆವು. ಎಡೆ ಇಟ್ಟು, ಹೋಳಿಗೆಗೆ ತುಪ್ಪ ಹಾಕಿ ಅವ್ವ ಕೇಳಿದಳು: "ಈಗ ಅಂವಾ ಇರೂ ಕಡೆ ಎಷ್ಟ ಗಂಟೆ ಆಗಿರಬೇಕು?"

ಗೋಡೆಯ ಗಡಿಯಾರದಲ್ಲಿ ಇದ್ದಷ್ಟನ್ನೇ ಹೇಳಿದೆ, ಹನ್ನೆರಡೂವರೆ.

"ಹಂಗಾರ ಉಣ್ಣೂ ಹೊತ್ತ," ಎಂದು ಅವ್ವ ಬಾಗಿಲು ಮುಂದಕ್ಕೆಳೆದಳು. ಅವನು ಉಣ್ಣಲೆಂದು ನಾವಿಬ್ಬರೂ ಹೊರಗೆ ಕಟ್ಟೆಯ ಮೇಲೆ ಕುಳಿತೆವು.