ಮೈದಾ ಅಂಟಿನ ಇತಿಹಾಸ

ಮೊನ್ನೆ ಪುಸ್ತಕದ ಕಪಾಟು ತೆಗೆದರೆ ಹುಳಿ ವಾಸನೆ. ಕೆಳಗಿನ ಖಾನೆಗೆ ಜಿರಲೆ ನುಗ್ಗಿ, ಎಂಟು ವರ್ಷದ ಹಿಂದೆ ನಾನು ಮೈದಾ ಅಂಟಿನಲ್ಲಿ ಅಂಟಿಸಿದ್ದ ಬಿಳಿ ಕಾಗದದ ಪಟ್ಟಿಗಳನ್ನು ತಿಂದು ಉದುರಿಸಿತ್ತು. ನಾನು ಕಷ್ಟಪಟ್ಟು ಮುಚ್ಚಿದ್ದ ಸಾಲುಗಳೆಲ್ಲ ಬಟ್ಟಬಯಲು. ಯಾಕೆ ಮುಚ್ಚಿದ್ದೆ ಅಂತೀರಾ? ಹೇಳುತ್ತೇನೆ, ನಗಬೇಡಿ.

ಮಗಳು ಹರ್ಷಿತಾಗೆ ಆಗ ಒಂಬತ್ತು. ಶಾಲೆಯ ವ್ಯಾನಿನ ಹಾರ್ನ್ ಕೇಳಿದರೆ ಸಾಕು, ತಿಂದ ಇಡ್ಲಿ ಹೊರಗೆ ಬರುತ್ತಿತ್ತು. ಡಾಕ್ಟರು, ಹರಕೆ, ಟೀಚರ್ ಜೊತೆ ಮಾತುಕತೆ ಎಲ್ಲ ಮುಗಿದ ಮೇಲೆ, ಮನೆಯಲ್ಲೇ ಓದಿಸುತ್ತೇನೆ ಎಂದೆ. ಶಂಕರಘಟ್ಟದಲ್ಲಿ ಕೆಲಸಕ್ಕಿರುವ ನಮ್ಮ ಯಜಮಾನರು ಬಸ್ಸಿಗೆ ಹೊರಟವರು ಬಾಗಿಲಲ್ಲೇ ನಿಂತರು. "ಒಂದು ವರ್ಷ ನೋಡೋಣ ಮಾರಾಯ್ತಿ. ಆದ್ರೆ ದೇವ್ರು ದಿಂಡ್ರು ಅಂತ ತಲೆಗೆ ತುಂಬೋದು ಬೇಡ. ದೊಡ್ಡೋಳಾದ್ಮೇಲೆ ಅವ್ಳೇ ಯೋಚಿಸ್ಲಿ." ತಲೆಯಾಡಿಸಿದೆ. ಒಳಗೆ ಅತ್ತೆ ಇಷ್ಟಲಿಂಗ ಪೂಜೆಗೆ ಕೂತಿದ್ದರು, ಮನೆ ತುಂಬ ಊದುಬತ್ತಿಯ ಹೊಗೆ. ಅದು ನಮ್ಮಿಬ್ಬರ ಗಮನಕ್ಕೂ ಬರಲಿಲ್ಲ.

ಪುಸ್ತಕ ಕೊಟ್ಟವರು ಭದ್ರಾವತಿ ನ್ಯೂ ಟೌನಿನ ಸ್ಟೆಲ್ಲಾ. ತಮ್ಮ ಮಕ್ಕಳಿಗೆ ಮನೆಯಲ್ಲೇ ಕಲಿಸಿದವರು. ಇತಿಹಾಸವನ್ನು ಇಸವಿಗಳಾಗಿ ಉರು ಹೊಡೆಸದೆ, ವರ್ಷವಿಡೀ ಕತೆಪುಸ್ತಕಗಳಲ್ಲೇ ಓದಿಸುವ ವಿದೇಶದ ಪಠ್ಯಕ್ರಮ ಅದು. ಬರೆದವರು ಭಕ್ತ ಕ್ರೈಸ್ತರು.

"ದೇವ್ರು ಸ್ವಲ್ಪ ಜಾಸ್ತೀನೇ ಇದ್ದಾರೆ ಕಣ್ರೀ ಇದ್ರಲ್ಲಿ. ನಿಮಗೆ ಪರವಾಗಿಲ್ವಾ?" ಎಂದರು ಸ್ಟೆಲ್ಲಾ.

"ಕಾನ್ವೆಂಟಲ್ಲಿ ಓದಿದೋಳು ನಾನು, ಮ್ಯಾನೇಜ್ ಮಾಡ್ಕೋತೀನಿ," ಎಂದೆ. ಎಂಥ ಧೈರ್ಯ ನೋಡಿ.

ಮ್ಯಾನೇಜ್ ಮಾಡಿದ ರೀತಿ ಇಷ್ಟೇ: ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಮೈದಾ ಕುದಿಸುವುದು, ಬಿಳಿ ಹಾಳೆ ಕತ್ತರಿಸುವುದು, ದೇವರು ಬಂದಲ್ಲೆಲ್ಲ ಒಂದು ಪಟ್ಟಿ ಅಂಟಿಸುವುದು. ಹಾಗೆ ಅಂಟಿಸುವಾಗ ಬಾಯಲ್ಲಿ ತಾನಾಗಿ ಬರುತ್ತಿದ್ದುದು ಕಾನ್ವೆಂಟಿನ ಸಿಸ್ಟರ್ ಕಲಿಸಿದ ಸ್ತುತಿಗೀತೆ. ನಾನಾಗಿ ಗಮನಿಸಲೂ ಇಲ್ಲ; "ಏನೇ ಅದು ರಾಗ?" ಎಂದು ಅತ್ತೆ ಕೇಳಿದಾಗಲೇ ಗೊತ್ತಾಗಿದ್ದು.

ಒಂದು ತಿಂಗಳು ಚೆನ್ನಾಗಿ ನಡೆಯಿತು. ಹುಡುಗಿ ವಾಂತಿ ಮರೆತು ಓದತೊಡಗಿದಳು. ಆಮೇಲೆ ಒಬ್ಬ ಮುದ್ರಕನ ಕತೆ ಬಂತು. ಪುಸ್ತಕ ಅಚ್ಚು ಹಾಕುವ ಅವನು ಹೆಂಡತಿ ಮಕ್ಕಳನ್ನು ಗಾಡಿಗೆ ಹತ್ತಿಸಿ ಊರು ಬಿಟ್ಟು ಓಡುತ್ತಾನೆ.

"ಯಾಕಮ್ಮ ಓಡಿದ?"

"ಏನೋ ತೊಂದ್ರೆ ಇರುತ್ತೆ, ಮುಂದೆ ಓದು."

"ಏನು ತೊಂದ್ರೆ? ಕಳ್ಳತನ ಮಾಡಿದ್ನಾ?"

ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು. "ಇರ್ಬಹುದು ಕಣೇ," ಎಂದುಬಿಟ್ಟೆ.

ತಿರುಗಿ ಬಂದಾಗ ಅವಳು ಆ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಪಟ್ಟಿಯ ಕೆಳಗಿನ ಸಾಲನ್ನು ಒಂದೊಂದೇ ಪದವಾಗಿ ಬಿಡಿಸಿಕೊಳ್ಳುತ್ತಿದ್ದಳು. ಜನರ ಆಡುಮಾತಿನಲ್ಲಿ ಧರ್ಮಗ್ರಂಥ ಅಚ್ಚು ಮಾಡಿದ್ದಕ್ಕೆ ಅವನನ್ನು ಕೊಲ್ಲಲು ಹೊರಟಿದ್ದರಂತೆ. "ಕಳ್ಳ ಅಲ್ಲಮ್ಮ ಅವ್ನು," ಎಂದಳು. "ನೀನು ಹೌದು ಅಂದೆ."

ಅಂದಿನಿಂದ ಶುರುವಾಯಿತು ನನ್ನ ಗ್ರಹಚಾರ. ಗಣಿತದ ಪುಸ್ತಕವನ್ನೂ ಬಿಸಿಲಿಗೆ ಹಿಡಿಯುತ್ತಿದ್ದಳು. ಪೂಜೆಗೆ ಕೂತ ಅತ್ತೆಯ ಕಡೆ ಬೊಟ್ಟು ಮಾಡಿ, "ಅಜ್ಜಿಗೆ ಯಾಕೆ ಪಟ್ಟಿ ಅಂಟ್ಸಿಲ್ಲ?" ಎಂದಳು.

"ಅಂಟ್ಸೋಕೆ ಬರ್ಲಿ, ನೋಡ್ತೀನಿ," ಎಂದರು ಅತ್ತೆ, ಕಣ್ಣು ತೆರೆಯದೆ.

ಸಂಜೆ ಯಜಮಾನರಿಗೆ ದೂರು ಹೋಯಿತು. "ನೀವೇ ಅಲ್ವೇನ್ರೀ ದೇವ್ರು ಬೇಡ ಅಂದಿದ್ದು?" ಎಂದೆ.

"ತುಂಬ್ಬೇಡ ಅಂದೆ. ಮುಚ್ಚು ಅಂದ್ನಾ?"

ಇಂಥವರಿಗೆ ಏನು ಹೇಳುತ್ತೀರಿ? ಮೈದಾ ಬಟ್ಟಲು ತೊಳೆದಿಟ್ಟೆ. ಮುಂದೆ ಎಲ್ಲವನ್ನೂ ಓದಿದೆವು. ಇದು ನಡೆದದ್ದು, ಇದು ಬರೆದವರ ನಂಬಿಕೆ ಎಂದು ಜಗಳವಾಡುತ್ತಲೇ ಓದಿದೆವು. ಒಂದು ವರ್ಷ ಎಂದದ್ದು ಆರಾಯಿತು, ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿ ಪಾಸಾದಳು. ಆದರೆ ನನ್ನ ಮಾತಿಗೆ ಎರಡನೇ ಸಾಕ್ಷಿ ಹುಡುಕುವುದು ಮಾತ್ರ ಬಿಡಲಿಲ್ಲ. ಗಾಜನೂರಿನಲ್ಲಿ ಡ್ಯಾಮ್ ಗೇಟು ತೆಗೆದಿದ್ದಾರಂತೆ ಎಂದು ನಾನು ಹೇಳಿದರೆ, ಅಪ್ಪನಿಗೆ ಫೋನು ಮಾಡಿ ಕೇಳಿಯೇ ನಂಬುವುದು. ಪಕ್ಕದ ಮನೆಯವರು ಹೇಳಿದರೆ ಹಾಗೇ ನಂಬುತ್ತಾಳೆ. ಹೆತ್ತವಳಿಗೆ ಇದೆಂಥ ಶಿಕ್ಷೆ.

ಮೊನ್ನೆ ನಾನು ಆ ಚೂರುಗಳನ್ನು ಗುಡಿಸುತ್ತಿದ್ದಾಗ ಬಾಗಿಲಿಗೆ ಒರಗಿ ನಿಂತಿದ್ದಳು. ಈಗ ನನಗಿಂತ ಎತ್ತರ.

"ಅಮ್ಮ, ಇಷ್ಟೊಂದು ಮುಚ್ಚಿದ್ದು ಅಪ್ಪ ಹೇಳಿದ್ದಕ್ಕೇನಾ?"

ಹೌದು ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಎಂಟು ವರ್ಷದಿಂದ ಅದನ್ನೇ ಹೇಳುತ್ತ ಬಂದಿದ್ದೇನೆ. ಪೊರಕೆ ಕೆಳಗಿಟ್ಟೆ.

"ಅಲ್ಲ. ಎಂಟನೇ ಕ್ಲಾಸಲ್ಲಿ ಇಡೀ ವರ್ಷ ನಾನು ಕಾನ್ವೆಂಟಿನ ಸಿಸ್ಟರ್‌ಗಳ ದೇವ್ರನ್ನ ನಂಬಿದ್ದೆ. ಊಟಕ್ಕೆ ಮುಂಚೆ ಕಣ್ಣು ಮುಚ್ತಿದ್ದೆ. ನಮ್ಮಮ್ಮ ಕೇಳಿದ್ರೆ ಕಣ್ಣುರಿ ಅಂತಿದ್ದೆ. ನಿಂಗೂ ಹಾಗಾಗಿಬಿಟ್ರೆ ಅಂತ ಹೆದ್ರಿಕೆ."

ಇದು ಅವಳಪ್ಪನಿಗೂ ಗೊತ್ತಿಲ್ಲ. ನನ್ನಮ್ಮ ಈಗಿಲ್ಲ. ಹೌದೋ ಅಲ್ಲವೋ ಎಂದು ಕೇಳಿ ನೋಡಲು ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಅವಳು ಫೋನನ್ನು ಮೇಜಿನ ಮೇಲಿಟ್ಟು, ಚೂರುಗಳ ನಡುವೆಯೇ ನೆಲದ ಮೇಲೆ ಕೂತಳು.

"ಆಮೇಲೆ?" ಎಂದಳು.